ನಾನು ಮಾಡಿದ ಮೊದಲ ಮಿಯಾನ್ ಕುಕಾ

ಅಬ್ಬ ನೈಜೀರಿಯಾದ ಕಾನೋದಲ್ಲಿ ಉದ್ಯೋಗದಲ್ಲಿದ್ದಾರೆ. ರಮಝಾನ್‌ನಲ್ಲಿ ಅವರ ಬಳಿ ಹೋಗಿದ್ದಾಗ, ಇಫ್ತಾರ್‌ಗೆ ಬರಲಿದ್ದ ಅವರ ಹೌಸಾ ಗೆಳೆಯರಿಗಾಗಿ ಮಿಯಾನ್ ಕುಕಾ ಮಾಡಲು ಹೊರಟೆ.

ಹೌಸಾ ಭಾಷೆಯಲ್ಲಿ ‘ಮಿಯಾ’ ಎಂದರೆ ಸಾರು, ‘ಕುಕಾ’ ಎಂದರೆ ಬಾವೊಬಾಬ್ ಮರ. ನಮ್ಮ ಸವಣೂರಿನ ಪ್ರಸಿದ್ಧ ದೊಡ್ಡಹುಣಸೆ ಮರಗಳೂ ಇದೇ ಜಾತಿಯವು. ಇದರ ಎಲೆಯನ್ನು ಒಣಗಿಸಿ ಮಾಡಿದ ಪುಡಿಯೇ ಈ ಸಾರಿನ ಜೀವ.

ನೆರೆಮನೆಯ ಹೌಸಾ ಆಂಟಿ ಹೇಳಿಕೊಟ್ಟಂತೆ ಮಾಂಸವನ್ನು ಈರುಳ್ಳಿ, ಉಪ್ಪು ಹಾಕಿ ಬೇಯಿಸಿದೆ. ರುಬ್ಬಿದ ಮೆಣಸಿನಕಾಯಿ, ತಾಳೆ ಎಣ್ಣೆ, ಒಣಮೀನು, ‘ದದ್ದವಾ’ ಸೇರಿಸಿ ಕುದಿಸಿದೆ. ದದ್ದವಾ ಎಂದರೆ ಬೇಯಿಸಿ ಹುದುಗು ಬರಿಸಿದ ಒಂದು ಮರದ ಬೀಜ. ಅದರ ವಾಸನೆ ಗಾಢ, ಆದರೆ ಸಾರಿಗೆ ರುಚಿ ಅದರಿಂದಲೇ.

ಕೊನೆಗೆ ಕುಕಾ ಪುಡಿ. ಮಗ್ರಿಬ್ ಹತ್ತಿರವಾಯಿತೆಂದು ಒಮ್ಮೆಲೇ ಸುರಿದೆ. ಸಾರೆಲ್ಲ ಗಂಟು! ಆಂಟಿ ಗಂಟುಗಳನ್ನು ಸೋಸಿ ತೆಗೆದು ಕಾರಣ ಹೇಳಿದರು: ಎಲೆಯಲ್ಲಿ ಬೆಂಡೆಕಾಯಿಯಂತೆ ಲೋಳೆ ಇದೆ, ಬಿಸಿನೀರು ತಾಗಿದೊಡನೆ ಪುಡಿಯ ಹೊರಭಾಗ ಅಂಟಾಗಿ, ಒಳಗೆ ನೀರು ಇಳಿಯುವುದಿಲ್ಲ. ಆದ್ದರಿಂದ ಉರಿ ತಗ್ಗಿಸಿ, ಒಂದು ಕೈಯಲ್ಲಿ ಉದುರಿಸುತ್ತ ಇನ್ನೊಂದರಲ್ಲಿ ಕಡೆಯುತ್ತಿರಬೇಕು.

ಬೇರೆ ಪುಡಿ ತೆಗೆದುಕೊಂಡು ಹಾಗೆಯೇ ಮಾಡಿದೆ. ಸಾರು ನಯವಾಗಿ ಬಂತು. ‘ತುವೋ’ ಎಂಬ ಅಕ್ಕಿ ಮುದ್ದೆಯೊಂದಿಗೆ ಬಡಿಸಿದೆ. ಅತಿಥಿಗಳು ಇನ್ನೊಮ್ಮೆ ಹಾಕಿಸಿಕೊಂಡರು. ಅಲ್‌ಹಮ್ದುಲಿಲ್ಲಾಹ್!