ಜೋಗಿಮಟ್ಟಿಗೆ ಬರುವುದಾದರೆ ಹಸ್ತ, ಚಿತ್ತೆಯಲ್ಲಿ ಬನ್ನಿ

ಮಾರ್ಚ್ ಬಂತೆಂದರೆ ಬೆಂಗಳೂರಿನಿಂದ ನನ್ನ ತಂಗಿಯ ಮಗನ ಫೋನ್ ಬರುತ್ತದೆ. ‘ದೊಡ್ಡಮ್ಮ, ಮಕ್ಕಳ ಪರೀಕ್ಷೆ ಮುಗೀತು. ಜೋಗಿಮಟ್ಟಿ ನೋಡ್ಬೇಕಂತೆ, ಕರ್ಕೊಂಡು ಬರ್ಲಾ?’ ಚಿತ್ರದುರ್ಗಕ್ಕೆ ಬಾ, ನಾಲ್ಕು ದಿನ ಇದ್ದು ಹೋಗು, ಬೆಟ್ಟಕ್ಕೆ ಮಾತ್ರ ಈಗ ಬೇಡ ಅನ್ನುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಕಾರಣ ಹೇಳದೆ ಬಿಡಲಾರೆ.

ಗಿರಿಧಾಮವೆಂದರೆ ಬೇಸಿಗೆ ಎಂಬ ಎಣಿಕೆ ನಮಗೆ ಶಿಮ್ಲಾ, ಮಸ್ಸೂರಿಗಳಿಂದ ಬಂದದ್ದು. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಶಿಮ್ಲಾ ಇರುವುದು 2,200 ಮೀಟರ್ ಎತ್ತರದಲ್ಲಿ, ಅದಕ್ಕೇ ಮೇ ತಿಂಗಳಲ್ಲೂ ಅಲ್ಲಿ ಹಿತ. ಜುಲೈ ಬಂದರೆ ಅಲ್ಲಿ ಮಳೆಗೆ ಗುಡ್ಡ ಕುಸಿಯುವ ಭಯ, ಆಮೇಲೆ ಹಿಮ. ನಮ್ಮ ಜೋಗಿಮಟ್ಟಿಯನ್ನೂ ‘ಮಧ್ಯ ಕರ್ನಾಟಕದ ಊಟಿ’ ಅನ್ನುತ್ತಾರೆ. ಆದರೆ ಅದು ಚಿತ್ರದುರ್ಗ ಪೇಟೆಗಿಂತ ಕೆಲವು ನೂರು ಮೀಟರ್ ಮಾತ್ರ ಎತ್ತರ. ಏಪ್ರಿಲ್‌ನಲ್ಲಿ ಊರೊಳಗೆ 38 ಡಿಗ್ರಿ ಇದ್ದರೆ ಮೇಲೆ ಎರಡು ಮೂರು ಡಿಗ್ರಿ ಕಡಿಮೆ ಇದ್ದೀತು, ಅಷ್ಟೇ. ಬಾದೆ ಹುಲ್ಲು ಒಣಗಿ ನಿಂತಿರುತ್ತದೆ, ಗಿಡಗಳಲ್ಲಿ ಎಲೆ ಇರುವುದಿಲ್ಲ, ಮಳೆಗಾಲದಲ್ಲಿ ನೀರು ಧುಮುಕುವ ಹಿಮವತ್ ಕೇದಾರದ ಬಂಡೆಯೂ ಒಣಗಿರುತ್ತದೆ.

ಇಲ್ಲಿ ತಂಪು ಕೊಡುವುದು ಎತ್ತರವಲ್ಲ, ಗಾಳಿ. ದುರ್ಗದ ಗುಡ್ಡಗಳ ಸಾಲು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಮಲಗಿದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟದಲ್ಲಿ ಮಳೆ ಸುರಿಸಿ, ಬಯಲು ದಾಟಿ, ಈ ಸಾಲಿಗೆ ಅಡ್ಡಲಾಗಿ ಬಂದು ಬಡಿಯುತ್ತದೆ. ನೆತ್ತಿ ದಾಟುವಾಗ ಅದರ ವೇಗ ಹೆಚ್ಚುತ್ತದೆ. ಜಾಗ ಹುಡುಕಿಕೊಂಡು ಬಂದು ಗಾಳಿಯಂತ್ರಗಳನ್ನು ಇಲ್ಲೇ ನೆಟ್ಟದ್ದು ಅದಕ್ಕೆ. ಆಷಾಢದಲ್ಲಿ ಮೇಲೆ ಹೋದರೆ ಸೆರಗು ನಿಲ್ಲುವುದಿಲ್ಲ, ಪಕ್ಕದವರ ಮಾತು ಕೇಳಿಸುವುದಿಲ್ಲ. ಮೋಡ ರಸ್ತೆಯ ಮೇಲೇ ಹರಿದುಹೋಗುತ್ತದೆ. ಹತ್ತು ಹೆಜ್ಜೆ ಮುಂದಿನ ಮರ ಕಾಣದು, ಮಳೆ ಮಾತ್ರ ತುಂತುರಷ್ಟೇ. ಮಂಜನ್ನೇ ಬಯಸುವ ಹುಡುಗರಿಗೆ ಜುಲೈ, ಆಗಸ್ಟ್ ಸರಿ. ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಆ ಗಾಳಿಗೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮದು ಮಳೆನೆರಳಿನ ಸೀಮೆ. ಮಲೆನಾಡು ತೊಯ್ದು ತೊಪ್ಪೆಯಾಗಿರುವಾಗ ಹಿರಿಯೂರು, ಚಳ್ಳಕೆರೆಯ ರೈತರು ಇನ್ನೂ ಆಕಾಶ ನೋಡುತ್ತಿರುತ್ತಾರೆ. ನಮಗೆ ಕೆರೆಕಟ್ಟೆ ತುಂಬುವ ಮಳೆ ಬರುವುದು ಗಾಳಿ ತಗ್ಗಿದ ಮೇಲೆ: ಸೆಪ್ಟೆಂಬರ್ ನಡುವಿನ ಉತ್ತರೆ, ಅದರ ಬೆನ್ನಿಗೆ ಹಸ್ತ, ಅಕ್ಟೋಬರ್‌ನ ಚಿತ್ತೆ. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗಿ ಸುರಿದು, ರಾತ್ರಿ ಬಿಟ್ಟು, ಬೆಳಗಿಗೆ ತೊಳೆದ ಆಕಾಶ. ಆಗ ಜೋಗಿಮಟ್ಟಿ ಬುಡದಿಂದ ತುದಿಯವರೆಗೆ ಹಸಿರು. ಬಂಡೆಗಳ ಸಂದಿನಲ್ಲಿರುವ ಹಿಮವತ್ ಕೇದಾರದ ಗುಡಿಯ ಬಳಿ ನೀರು ಧುಮುಕುತ್ತಿರುತ್ತದೆ. ನೆತ್ತಿಯಿಂದ ಊರು, ಕೋಟೆಯ ಬೆಟ್ಟ ಎಲ್ಲ ನಿಚ್ಚಳ. ಉತ್ತರದ ಕೇದಾರನಾಥದಲ್ಲಿ ದೀಪಾವಳಿ ಮುಗಿಯುತ್ತಲೇ ಹಿಮಕ್ಕೆ ಅಂಜಿ ಬಾಗಿಲು ಹಾಕುತ್ತಾರೆ. ನಮ್ಮ ಕೇದಾರ ಮೈದುಂಬುವುದೇ ಆ ಹಬ್ಬಕ್ಕೆ ಸ್ವಲ್ಪ ಮುಂಚೆ. ಶಾಲೆಗೆ ದಸರೆ ರಜೆಯೂ ಆಗಲೇ. ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಗೊತ್ತಿಲ್ಲ.

ಆದರೆ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. ವೇದಾವತಿಗೆ ಕಟ್ಟಿದ ಆ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ, ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಕೋಡಿ ಕಂಡದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ. ಅಂದು ಅದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಗಿತ್ತು. ಅಷ್ಟು ಚಂಚಲ ಈ ಸೀಮೆಯ ಮಳೆ. ಹೊರಡುವ ಮೊದಲು ದುರ್ಗದಲ್ಲಿರುವ ಯಾರನ್ನಾದರೂ ಕೇಳಿ: ಹಸ್ತ ಹಿಡಿಯಿತಾ, ಕೆರೆಗೆ ನೀರು ಬಂತಾ? ಬಂತೆಂದರೆ ಬನ್ನಿ.

ಡಿಸೆಂಬರ್, ಜನವರಿಯ ಚಳಿ ನಡೆಯುವವರಿಗೆ ಚೆನ್ನ, ಹಸಿರು ಮಾತ್ರ ಹಳದಿಗೆ ತಿರುಗಿರುತ್ತದೆ. ಶಿವರಾತ್ರಿ ಹತ್ತಿರವಾದಂತೆ ಕಾಳ್ಗಿಚ್ಚಿನ ಕಾಲ. ಒಂದು ಬೀಡಿಯ ಕಿಡಿ ಸಾಕು, ಆ ಗಾಳಿಗೆ ಒಂದು ಗುಡ್ಡ ಉರಿದು ಇನ್ನೊಂದಕ್ಕೆ ದಾಟುತ್ತದೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿವೆ, ಅವು ಎಲ್ಲಿಗೆ ಹೋಗಬೇಕು? ಆ ದಿನಗಳಲ್ಲಿ ಕಾಡನ್ನು ಅದರಷ್ಟಕ್ಕೆ ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಪ್ರವೇಶದ ಹೊತ್ತನ್ನು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ, ಬೆಳಿಗ್ಗೆಯೇ ಹತ್ತಿ, ಮಧ್ಯಾಹ್ನದ ಗುಡುಗಿಗೆ ಮುಂಚೆ ಇಳಿಯಿರಿ. ಕುಡಿಯುವ ನೀರು, ಬುತ್ತಿ ಒಯ್ಯಿರಿ. ಮಕ್ಕಳಿಗೆ ಆಡುಮಲ್ಲೇಶ್ವರದ ಕಿರು ಮೃಗಾಲಯ ದಾರಿಯಲ್ಲೇ ಸಿಗುತ್ತದೆ. ಹಸ್ತ, ಚಿತ್ತೆಯ ದಿನಗಳಲ್ಲಿ ಗುಡ್ಡದ ಸೀತಾಫಲ ಹಣ್ಣಾಗಿರುತ್ತದೆ, ಕರಡಿಗೂ ಅದು ಬೇಕು. ಗಿಡಕ್ಕೆ ಕೈ ಹಾಕಬೇಡಿ. ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಚೌಕಾಸಿ ಮಾಡದೆ ಕೊಳ್ಳಿ.