ಪ್ಯಾರಿಸ್ ನಗರದ ಜಾಗರಣೆ

ರಾತ್ರಿಯು ನಿದ್ರೆಗೆ ಮೀಸಲೆಂಬುದು ಲೋಕರೂಢಿ. ಆದರೆ ವರ್ಷದ ಎಲ್ಲ ರಾತ್ರಿಗಳನ್ನೂ ನಿದ್ರೆಗೇ ಒಪ್ಪಿಸಿಬಿಡಲು ಮನುಷ್ಯನು ಎಂದೂ ಸಮ್ಮತಿಸಿದವನಲ್ಲ. ನಮ್ಮಲ್ಲಿ ಶಿವರಾತ್ರಿಯ ಜಾಗರಣೆಯುಂಟು. ಸುಗ್ಗಿ ಮುಗಿದ ಮೇಲೆ ಊರ ಮುಂದೆ ಬೆಳಗಿನವರೆಗೆ ನಡೆಯುವ ಬಯಲಾಟವುಂಟು. ಕರಾವಳಿಯಲ್ಲಿ ಹರಕೆಯ ಯಕ್ಷಗಾನವುಂಟು. ಈಚೆಗೆ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ತಿರುಗಿರುವುದು ನಿಜವಾದರೂ, ಹರಕೆಯಾಟಕ್ಕೆ ಇಂದಿಗೂ ಟಿಕೆಟ್ಟಿಲ್ಲ. ಚಾಪೆ ಹೊತ್ತು ಬಂದವನೇ ಪ್ರೇಕ್ಷಕನು.

ಇಂತಹುದೇ ಒಂದು ಜಾಗರಣೆಯನ್ನು ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ನಗರವು ೨೦೦೨ನೆಯ ಇಸವಿಯಿಂದ ನಡೆಸುತ್ತ ಬಂದಿದೆ. ಅದು ದೇವರ ಹೆಸರಿನಲ್ಲಲ್ಲ, ಕಲೆಯ ಹೆಸರಿನಲ್ಲಿ. ಆ ಉತ್ಸವವನ್ನು ‘ನ್ವೀ ಬ್ಲಾಂಷ್’ ಎಂದು ಕರೆಯುತ್ತಾರೆ. ಅಕ್ಷರಶಃ ಹೇಳಿದರೆ ‘ಬಿಳಿಯ ರಾತ್ರಿ’ ಎಂದಾಗುತ್ತದೆ. ಫ್ರೆಂಚರ ಮಾತಿನಲ್ಲಿ ಅದಕ್ಕೆ ಕಣ್ಣು ಮುಚ್ಚದೆ ಕಳೆದ ರಾತ್ರಿಯೆಂದು ಅರ್ಥ. ಅದಕ್ಕೆ ಕನ್ನಡದಲ್ಲಿ ಜಾಗರಣೆಯೆಂಬ ಸಿದ್ಧವಾದ ಶಬ್ದವೇ ಇರುವಾಗ ಬೇರೊಂದನ್ನು ಹುಡುಕಬೇಕಾಗಿಲ್ಲ.

ವಸ್ತುಸಂಗ್ರಹಾಲಯಕ್ಕೂ ಜಾಗರಣೆಗೂ ಎಲ್ಲಿಂದೆಲ್ಲಿಯ ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಗ್ರಹಾಲಯವು ಸಾಮಾನ್ಯವಾಗಿ ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತದೆ. ದುಡಿಯುವವನು ಬೆಳಿಗ್ಗೆ ಹತ್ತರೊಳಗೆ ಕೆಲಸಕ್ಕೆ ಹೋಗಿ ಸಂಜೆ ಐದರ ಮೇಲೆ ಹೊರಗೆ ಬರುತ್ತಾನೆ. ಹೀಗೆ ಸಾರ್ವಜನಿಕರದೆಂದು ಹೆಸರು ಪಡೆದ ಸಂಸ್ಥೆಯು ಸಾರ್ವಜನಿಕರಲ್ಲಿ ಬಹುಮಂದಿಗೆ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆ. ಈ ತೊಡಕನ್ನು ಲಂಡನ್ ನಗರದಲ್ಲಿ ಹೆನ್ರಿ ಕೋಲ್ ಎಂಬವರು ಬಹು ಹಿಂದೆಯೇ ಕಂಡುಕೊಂಡಿದ್ದರು. ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯನ್ನು ಅವರು ೧೮೫೭ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ತೆರೆದಾಗ, ಅಲ್ಲಿ ಗ್ಯಾಸ್ ದೀಪಗಳನ್ನು ಹಾಕಿಸಿ ಸಂಜೆಯ ವೇಳೆಯಲ್ಲಿಯೂ ಜನರನ್ನು ಒಳಗೆ ಬಿಟ್ಟರು. ಕಾರ್ಖಾನೆಯ ಕೆಲಸಗಾರನು ಸಂಜೆ ಹೆಂಡದಂಗಡಿಗೆ ಹೋಗುವ ಬದಲು ಹೆಂಡತಿ ಮಕ್ಕಳೊಡನೆ ಇಲ್ಲಿಗೆ ಬರಲೆಂಬುದು ಅವರ ಆಶಯವಾಗಿದ್ದಿತು. ದೀಪದ ಒಂದು ಸೌಕರ್ಯವು ಎಷ್ಟು ಜನರಿಗೆ ಬಾಗಿಲು ತೆರೆಯಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಪ್ಯಾರಿಸ್ಸಿನ ಉತ್ಸವವು ಶೂನ್ಯದಿಂದ ಹುಟ್ಟಿದುದಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿ ನಗರದಲ್ಲಿ ೧೯೮೯ರಲ್ಲಿಯೇ ‘ಕಲೆಗಳ ರಾತ್ರಿ’ ಆರಂಭವಾಗಿದ್ದಿತು. ಫ್ರಾನ್ಸಿನದೇ ಆದ ನಾಂತ್ ನಗರದಲ್ಲಿ ೧೯೯೦ರಿಂದ ಕೆಲವು ವರ್ಷ, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ, ಆರು ರಾತ್ರಿಗಳ ಕಲೋತ್ಸವವೊಂದು ಜರುಗಿತು. ಬರ್ಲಿನ್ನಿನಲ್ಲಿ ೧೯೯೭ರಲ್ಲಿ ‘ಮ್ಯೂಸಿಯಂಗಳ ದೀರ್ಘ ರಾತ್ರಿ’ ಮೊದಲಾಯಿತು. ಅಲ್ಲಿ ಒಂದೇ ಟಿಕೆಟ್ಟಿನಲ್ಲಿ ಹಲವು ಸಂಗ್ರಹಾಲಯಗಳನ್ನು ಸುತ್ತಬಹುದು. ಪ್ಯಾರಿಸ್ಸಿನವರು ಈ ಎಲ್ಲ ಪ್ರಯೋಗಗಳ ಸಾರವನ್ನು ತೆಗೆದುಕೊಂಡು, ಟಿಕೆಟ್ಟನ್ನು ಮಾತ್ರ ಕೈಬಿಟ್ಟರು. ಆಗಿನ ಮೇಯರ್ ಬರ್ತ್ರಾನ್ ದೆಲನೋಯೆ ಅವರೂ, ಅವರ ಸಂಸ್ಕೃತಿ ವಿಭಾಗದ ಸಹಾಯಕ ಕ್ರಿಸ್ತೋಫ್ ಜಿರಾರ್ ಅವರೂ ಇದರ ಪ್ರವರ್ತಕರು. ನಾಂತ್ ಉತ್ಸವದ ರೂವಾರಿಯಾದ ಜಾನ್ ಬ್ಲೇಜ್ ಅವರೇ ಮೊದಲ ವರ್ಷದ ಕಲಾನಿರ್ದೇಶಕರಾದರು.

೨೦೦೨ನೆಯ ಅಕ್ಟೋಬರ್ ೫ರ ಸಂಜೆಯಿಂದ ೬ರ ಬೆಳಗಿನವರೆಗೆ ನಡೆದ ಆ ಮೊದಲ ರಾತ್ರಿಯ ಎರಡು ಸಂಗತಿಗಳನ್ನು ಹೇಳಿದರೆ ಉತ್ಸವದ ಸ್ವರೂಪವು ವಾಚಕರಿಗೆ ತಿಳಿದೀತು. ಸೋಫಿ ಕಾಲ್ ಎಂಬ ಕಲಾವಿದೆಯು ಐಫೆಲ್ ಗೋಪುರದ ತುದಿಯಲ್ಲಿ, ಸುಮಾರು ೩೦೦ ಮೀಟರ್ ಎತ್ತರದಲ್ಲಿ, ಒಂದು ಹಾಸಿಗೆಯನ್ನು ಹಾಸಿಕೊಂಡು ಮಲಗಿದಳು. ಜನರು ಒಬ್ಬೊಬ್ಬರಾಗಿ ಬಂದು ಆಕೆಗೆ ನಿದ್ರೆ ಹತ್ತದಂತೆ ಒಂದೊಂದು ಕಥೆಯನ್ನು ಹೇಳಬೇಕು. ಕಥೆಯು ಐದು ನಿಮಿಷವನ್ನು ಮೀರಬಾರದು. ಇಲ್ಲಿ ಕಲಾಕೃತಿ ಯಾವುದು, ಪ್ರೇಕ್ಷಕನು ಯಾರು? ನಮ್ಮ ಅಜ್ಜಿಯರು ಮಕ್ಕಳನ್ನು ಮಲಗಿಸಲು ಕಥೆ ಹೇಳುತ್ತಿದ್ದರು. ಇಲ್ಲಿಯೋ ಮಲಗಗೊಡದಿರಲು ಕಥೆ!

ಎರಡನೆಯದು ರಾಷ್ಟ್ರೀಯ ಗ್ರಂಥಾಲಯದ ಸಂಗತಿ. ಬರ್ಲಿನ್ನಿನಿಂದ ಬಂದ ‘ಕೇಯಾಸ್ ಕಂಪ್ಯೂಟರ್ ಕ್ಲಬ್’ ಎಂಬ ತಂಡದವರು ಆ ಗ್ರಂಥಾಲಯದ ಗೋಪುರವೊಂದರ ೫೨೦ ಕಿಟಕಿಗಳ ಹಿಂದೆ ದೀಪಗಳನ್ನಿಟ್ಟು, ಅಡ್ಡಕ್ಕೆ ಇಪ್ಪತ್ತಾರು, ಉದ್ದಕ್ಕೆ ಇಪ್ಪತ್ತರಂತೆ ಅವನ್ನು ಕಂಪ್ಯೂಟರಿನಿಂದ ಉರಿಸಿ ಆರಿಸಿ, ಇಡೀ ಕಟ್ಟಡವನ್ನೇ ಒಂದು ಆಟದ ಪರದೆಯನ್ನಾಗಿ ಮಾಡಿದರು. ಕೆಳಗೆ ನಿಂತ ದಾರಿಹೋಕರು ತಮ್ಮ ಮೊಬೈಲ್ ಫೋನಿನ ಗುಂಡಿಯನ್ನೊತ್ತಿ ಆ ಕಟ್ಟಡದ ಮೇಲೆ ಆಟವಾಡಿದರು. ಗ್ರಂಥಾಲಯದ ಒಳಗೆ ಎಂದೂ ಕಾಲಿಡದವನೂ ಅಂದು ಅದರೊಡನೆ ಆಡಿದನು.

ಅದೇ ರಾತ್ರಿಯೇ ಒಂದು ವಿಪತ್ತೂ ಸಂಭವಿಸಿತು. ನಗರ ಸಭಾಭವನದ ಬಾಗಿಲನ್ನು ಎಲ್ಲರಿಗೂ ತೆರೆದಿಡಲಾಗಿದ್ದಿತು. ಜನರ ನಡುವೆ ಬಂದ ಒಬ್ಬನು ಮೇಯರ್ ದೆಲನೋಯೆ ಅವರನ್ನು ಚೂರಿಯಿಂದ ಇರಿದನು. ಆಸ್ಪತ್ರೆಗೆ ಒಯ್ಯಲ್ಪಡುತ್ತಿದ್ದ ಆ ಮನುಷ್ಯನು ಉತ್ಸವವು ನಿಲ್ಲದೆ ಮುಂದುವರಿಯಲೆಂದು ಹೇಳಿದರು, ಹಾಗೆಯೇ ಆಯಿತು. ಅವರು ಚೇತರಿಸಿಕೊಂಡರು. ಬಾಗಿಲು ತೆರೆಯುವುದೆಂದರೆ ಸ್ವಲ್ಪ ಅಪಾಯವನ್ನೂ ಒಳಗೆ ಬಿಟ್ಟುಕೊಳ್ಳುವುದೇ ಸರಿ. ಆದರೂ ೨೦೦೩ರಲ್ಲಿ ಉತ್ಸವವು ಮತ್ತೆ ಜರುಗಿತೆಂಬುದು ಸ್ಮರಣೀಯ.

ಇಂತಹ ರಾತ್ರಿಯನ್ನು ಸವಿಯುವ ಬಗೆ ಹೇಗೆ? ಒಂದೇ ರಾತ್ರಿಯಲ್ಲಿ ನೂರಾರು ಕಡೆ ಪ್ರದರ್ಶನ, ಸಂಗೀತ, ನೃತ್ಯ, ದೀಪಾಲಂಕಾರಗಳಿರುವಾಗ ಎಲ್ಲವನ್ನೂ ನೋಡುವೆನೆಂದು ಹೊರಟವನು ಯಾವುದನ್ನೂ ನೋಡದೆ ಹಿಂದಿರುಗುವನು. ಜಾತ್ರೆಯಲ್ಲಿ ಎಲ್ಲ ಅಂಗಡಿಗೂ ಇಣುಕುವ ಹುಡುಗನ ಪಾಡು ಅವನದಾಗುತ್ತದೆ. ಆದ್ದರಿಂದ ನಗರದ ಒಂದು ಭಾಗವನ್ನು ಆರಿಸಿಕೊಂಡು, ಸೆಯ್ನ್ ನದಿಯ ದಂಡೆಯಲ್ಲಿಯೋ ಒಂದು ಬಡಾವಣೆಯಲ್ಲಿಯೋ ಕಾಲ್ನಡಿಗೆಯಿಂದ ಸುತ್ತುವುದು ಲೇಸು. ಹೆಸರಾದ ಸ್ಥಳಗಳ ಮುಂದೆ ಮುಂಜಾವದ ಹೊತ್ತಿಗೆ ಸಾಲು ಕರಗುತ್ತದೆ. ಅಷ್ಟರವರೆಗೆ ಎಚ್ಚರವಿರಬಲ್ಲವನಿಗೆ ನಗರವು ಬೇರೆಯೇ ಮುಖವನ್ನು ತೋರುತ್ತದೆ. ಚಾಲಕನಿಲ್ಲದೆ ಓಡುವ ೧೪ನೆಯ ಮಾರ್ಗದ ಮೆಟ್ರೋ ರೈಲನ್ನು ಹಲವು ವರ್ಷ ಈ ರಾತ್ರಿ ಪೂರ್ತಿ ಓಡಿಸಿದ್ದುಂಟು. ಮೊದಲಿಗೆ ಅಕ್ಟೋಬರಿನ ಚಳಿಯಲ್ಲಿ ನಡೆಯುತ್ತಿದ್ದ ಉತ್ಸವವನ್ನು ೨೦೨೩ರಿಂದ ಜೂನ್ ತಿಂಗಳಿಗೆ ತರಲಾಯಿತು. ಜೂನಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದು ರಾತ್ರಿ ಹತ್ತು ಗಂಟೆಯ ಸುಮಾರಿಗೆ. ಚಳಿಯು ಕಡಿಮೆಯಾಯಿತು, ಕತ್ತಲೂ ಮೋಟಾಯಿತು!

ನೋಡುವವನಿಗೆ ಪುಕ್ಕಟೆಯಾದುದು ಯಾರಿಗೂ ಪುಕ್ಕಟೆಯಲ್ಲವೆಂಬುದನ್ನೂ ಮರೆಯಬಾರದು. ಕಲಾವಿದರ ಸಂಭಾವನೆ, ಕಾವಲುಗಾರರ ರಾತ್ರಿಪಾಳಿ, ದೀಪ, ಬೆಂಕಿಯಿಂದ ರಕ್ಷಣೆ, ಮರುದಿನದ ಕಸಗುಡಿಸುವಿಕೆ, ಇವೆಲ್ಲಕ್ಕೂ ಹಣ ಬೇಕು. ನಗರಸಭೆಯ ಬೊಕ್ಕಸದಿಂದಲೂ ಪೋಷಕ ಸಂಸ್ಥೆಗಳಿಂದಲೂ ಅದು ಬರುತ್ತದೆ. ಹಳೆಯ ವಸ್ತುಗಳ ಕ್ಷೇಮವನ್ನೂ ನೋಡಬೇಕು. ಜಲವರ್ಣದ ಚಿತ್ರ, ಹಳೆಯ ಬಟ್ಟೆ, ಹಸ್ತಪ್ರತಿ ಮುಂತಾದವು ಬೆಳಕಿಗೆ ಮಾಸುತ್ತವೆ. ಅವುಗಳ ಮೇಲೆ ಬೀಳುವ ಬೆಳಕು ೫೦ ಲಕ್ಸ್ ಮೀರಬಾರದೆಂದು ಸಂಗ್ರಹಾಲಯದವರು ಪಾಲಿಸುವ ನಿಯಮವುಂಟು. ಹೀಗೆ ರಾತ್ರಿ ಬಾಗಿಲು ತೆರೆಯುವುದು ಕೇವಲ ಬೀಗದ ಕೈಯ ಪ್ರಶ್ನೆಯಲ್ಲ.

ಈ ಬಗೆಯ ಉತ್ಸವವು ಬಹುಬೇಗ ಬೇರೆಡೆಗೂ ಹಬ್ಬಿತು. ರೋಮ್ ನಗರವು ೨೦೦೩ರ ಸೆಪ್ಟೆಂಬರ್ ೨೭ರ ರಾತ್ರಿ ತನ್ನ ಮೊದಲ ‘ಬಿಳಿಯ ರಾತ್ರಿ’ಯನ್ನು ಆಚರಿಸಿತು. ಜನರು ಬೀದಿಯಲ್ಲಿರುವಾಗಲೇ, ಬೆಳಗಿನ ಜಾವ ಮೂರೂವರೆಯ ಸುಮಾರಿಗೆ, ಸ್ವಿಟ್ಜರ್ಲೆಂಡಿನ ಕಡೆಯಿಂದ ಬರುವ ವಿದ್ಯುತ್ ತಂತಿಯ ದೋಷದಿಂದ ಆರಂಭವಾದ ತೊಡಕು ಬೆಳೆದು, ಸಾರ್ಡೀನಿಯ ದ್ವೀಪವೊಂದನ್ನು ಬಿಟ್ಟು ಹೆಚ್ಚು ಕಡಿಮೆ ಇಡೀ ಇಟಲಿಯೇ ಕತ್ತಲೆಯಲ್ಲಿ ಮುಳುಗಿತು. ಬಿಳಿಯ ರಾತ್ರಿಯು ಕರಿಯ ರಾತ್ರಿಯಾಯಿತು. ಆದರೂ ಮರುವರ್ಷ ರೋಮ್ ಮತ್ತೆ ದೀಪ ಹಚ್ಚಿತು. ಕೆನಡಾದ ಟೊರಾಂಟೊ ನಗರವು ೨೦೦೬ರಲ್ಲಿ ಈ ಸಾಲಿಗೆ ಸೇರಿತು. ೨೦೦೫ರಿಂದ ಮೇ ತಿಂಗಳಲ್ಲಿ ಯೂರೋಪಿನ ಅನೇಕ ದೇಶಗಳಲ್ಲಿ ‘ಮ್ಯೂಸಿಯಂಗಳ ರಾತ್ರಿ’ಯೂ ನಡೆಯುತ್ತಿದೆ.

ಆಕ್ಷೇಪಣೆಗಳಿಲ್ಲದಿಲ್ಲ. ಇದು ಕಲೆಯಲ್ಲ, ಗದ್ದಲ. ಬಂದವರಲ್ಲಿ ಬಹುಮಂದಿ ದೀಪ ನೋಡಲು ಬಂದವರೇ ಹೊರತು ಚಿತ್ರ ನೋಡಲು ಬಂದವರಲ್ಲ. ಒಂದು ರಾತ್ರಿಯ ಔತಣದಿಂದ ವರ್ಷದ ಹಸಿವು ಹಿಂಗದು ಎಂದು ಹೇಳುವವರುಂಟು. ಕೊನೆಯ ಮಾತಿನಲ್ಲಿ ಸತ್ಯವಿದೆ. ಆದರೆ ಅದೇ ಪ್ಯಾರಿಸ್ ನಗರಸಭೆಯು ೨೦೦೧ರ ಕೊನೆಯಿಂದ ತನ್ನ ಅಧೀನದ ಸಂಗ್ರಹಾಲಯಗಳ ಸ್ಥಿರ ಸಂಗ್ರಹಕ್ಕೆ ಪ್ರವೇಶಧನವನ್ನೇ ತೆಗೆದುಹಾಕಿತೆಂಬುದನ್ನು ಜೊತೆಯಲ್ಲಿಟ್ಟು ನೋಡಬೇಕು. ಉತ್ಸವವು ಕರೆಯೋಲೆ, ನಿತ್ಯದ ತೆರೆದ ಬಾಗಿಲು ಊಟ. ಕರೆಯೋಲೆ ಮಾತ್ರ ಕಳುಹಿಸಿ ಊಟವಿಕ್ಕದಿದ್ದರೆ ದೋಷ.

ಈ ವಿಷಯವು ನನ್ನ ಮನಸ್ಸನ್ನು ಹಿಡಿದುದಕ್ಕೆ ಒಂದು ಕಾರಣವುಂಟು. ನನ್ನ ತಂದೆಯವರು ಗಾರೆ ಕೆಲಸದವರು. ಎರಡು ವರ್ಷದ ಹಿಂದೆ ಬೇಸಗೆಯ ರಜದಲ್ಲಿ ನಾನೂ ಅವರೊಡನೆ ನಗರವೊಂದಕ್ಕೆ ಕೆಲಸಕ್ಕೆ ಹೋಗಿದ್ದೆನು. ಕಟ್ಟಡಕ್ಕೆ ಹೋಗುವ ದಾರಿಯಲ್ಲಿಯೇ ಒಂದು ವಸ್ತುಸಂಗ್ರಹಾಲಯ. ನಾವು ಹೋಗುವಾಗ ಅದಿನ್ನೂ ತೆರೆದಿರುತ್ತಿರಲಿಲ್ಲ, ಬರುವಾಗ ಮುಚ್ಚಿರುತ್ತಿದ್ದಿತು. ನಮಗೆ ವಾರದ ರಜ ಸೋಮವಾರ. ಅದಕ್ಕೂ ಸೋಮವಾರವೇ ರಜ! ಅಂಗಳದಲ್ಲಿ ನಿಲ್ಲಿಸಿದ್ದ ವೀರಗಲ್ಲೊಂದನ್ನು ತಂದೆಯವರು ಗೇಟಿನ ಸಲಾಕೆಯ ನಡುವಿನಿಂದ ದಿನವೂ ಒಂದು ಗಳಿಗೆ ನೋಡುತ್ತಿದ್ದರು. “ಕುದುರೆ ಕಾಲು ನೋಡೋ, ಎಷ್ಟು ಸಣ್ಣಕ್ಕೆ ಹೊಡೆದವನೆ. ಉಳಿ ಒಂದು ಕೂದಲು ಜಾರಿದ್ರೂ ಕಲ್ಲೇ ಹೋಗ್ತಿತ್ತು” ಎಂದರು ಒಮ್ಮೆ. ಆಮೇಲೆ, “ಒಳಗೆ ಇನ್ನೂ ಎಂತೆಂಥವು ಅವೆಯೋ. ನೀನು ಓದೋನು, ಒಂದಪ ನೋಡ್ಕೊಂಡು ಬಂದು ನನಗೆ ಹೇಳು” ಎಂದರು.

ಮುಂದೊಂದು ದಿನ ಕಾಲೇಜಿನ ಪ್ರವಾಸದಲ್ಲಿ ನಾನು ಅದನ್ನು ನೋಡಿದೆನು. ಬಂದು ಹೇಳಿದೆನು. ಶಾಸನದ ಕಾಲ, ರಾಜವಂಶದ ಹೆಸರು, ಎಲ್ಲವನ್ನೂ ಹೇಳಿದೆನು. ಅವರು ಕೇಳಿದುದು ಒಂದೇ: ಕಲ್ಲಿಗೆ ಹೊಳಪು ಕೊಟ್ಟಿದ್ದುದು ಹೇಗಿತ್ತು? ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕಲ್ಲನ್ನು ಬಲ್ಲವರು ಗೇಟಿನ ಹೊರಗೂ ಬಲ್ಲದವನು ಒಳಗೂ ಇದ್ದಂತಾಯಿತಲ್ಲವೆ?

ನಮ್ಮಲ್ಲಿಯೂ ಪ್ರಯತ್ನವು ನಡೆದೇ ಇಲ್ಲವೆನ್ನಲಾಗದು. ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ ೯ ಗಂಟೆಯವರೆಗೆ ತೆರೆದಿಡಲು ೨೦೧೯ರಲ್ಲಿ ಕೇಂದ್ರ ಸರ್ಕಾರವು ನಿರ್ಧರಿಸಿದಾಗ, ಅವುಗಳಲ್ಲಿ ನಮ್ಮ ಪಟ್ಟದಕಲ್ಲೂ ವಿಜಯಪುರದ ಗೋಳಗುಮ್ಮಟವೂ ಸೇರಿದ್ದುವು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ೨೦೦೩ರಿಂದ ನಡೆಸುತ್ತಿರುವ ಚಿತ್ರಸಂತೆಯು ಚಿತ್ರಗಳನ್ನು ಬೀದಿಗೇ ತಂದಿದೆ. ಪ್ಯಾರಿಸ್ಸಿನಂತೆ ಇಡೀ ನಗರವನ್ನು ಬೆಳಗಿನವರೆಗೆ ಎಚ್ಚರವಿಡುವ ಶಕ್ತಿ ಎಲ್ಲ ಊರಿಗೂ ಇರಲಾರದು. ಅಷ್ಟು ಬೇಕಾಗಿಯೂ ಇಲ್ಲ. ವಾರಕ್ಕೊಂದು ಸಂಜೆ ನಮ್ಮ ಜಿಲ್ಲೆಯ ಸಂಗ್ರಹಾಲಯಗಳು ರಾತ್ರಿ ಒಂಬತ್ತರವರೆಗೆ ದೀಪ ಆರಿಸದಿದ್ದರೆ ಸಾಕು. ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಬರುವವರು ಬಂದೇ ಬರುತ್ತಾರೆ. ಬಂದವರು ನಮಗಿಂತ ಚೆನ್ನಾಗಿ ನೋಡಲೂಬಲ್ಲರು.