ಮುರಿದ ಆಣೆ, ಮುಚ್ಚಿಟ್ಟ ಗಾಯ

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ತಮ್ಮ ಮಗನನ್ನು ಮುಧೋಳದ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮಗ ಎರಡು ತಿಂಗಳಿಂದ ಲಿಂಗಪೂಜೆ ಬಿಟ್ಟಿದ್ದಾನೆ, ಊಟ ಸೇರುತ್ತಿಲ್ಲ, ಮಠಕ್ಕೆ ಹೋಗೋಣವೆಂದರೆ ಎದ್ದು ಹೊರಗೆ ನಡೆಯುತ್ತಾನೆ ಎಂಬುದು ಅವರ ಸಂಕಟ. ಮಗನಿಗೆ ಇಪ್ಪತ್ತಾರು ವರ್ಷ. ಪರಸಿ ಕಲ್ಲಿನ ಗಣಿಯಲ್ಲಿ ದುಡಿಮೆ. ಗಂಡಸರ ಬಲಗೈ ನಾಡಿಯನ್ನು ನೋಡುವುದು ನಮ್ಮ ಪದ್ಧತಿ. ಬಲಗೈಯನ್ನು ಕೂಡಲೇ ಚಾಚಿದ. ರಕ್ತದೊತ್ತಡ ನೋಡಲು ಎಡತೋಳು ಕೇಳಿದಾಗ ಮಾತ್ರ ಕೊಡಲಿಲ್ಲ. ವೈಶಾಖದ ಆ ಬಿಸಿಲಿನಲ್ಲಿ ಅವನು ತುಂಬುತೋಳಿನ ಅಂಗಿ ತೊಟ್ಟು, ಮುಂಗೈಯ ಗುಂಡಿ ಹಾಕಿಕೊಂಡು ಕುಳಿತಿದ್ದ.

ತಾಯಿಯನ್ನು ಹೊರಗೆ ಕುಳ್ಳಿರಿಸಿ, ಬಾಗಿಲು ಮುಚ್ಚಿ, ಬಹಳ ಹೊತ್ತು ಬೇರೆ ಮಾತಾಡಿದ ಮೇಲೆ ತಾನಾಗಿಯೇ ತೋಳು ಮೇಲೆತ್ತಿ ತೋರಿಸಿದ. ಒಣಗಿದವು, ಒಣಗದವು, ಅನೇಕ ಗಾಯಗಳು. ಎಲ್ಲವೂ ಅವನೇ ಮಾಡಿಕೊಂಡವು. “ಹೋದ ಶ್ರಾವಣದಾಗ ಅಪ್ಪಗಳ ಮುಂದ ಆಣಿ ಮಾಡಿದ್ನಿರಿ, ಇನ್ನ ಕುಡಿಯಂಗಿಲ್ಲಂತ. ನಾಕು ತಿಂಗಳು ನಡೀತು. ಆಮ್ಯಾಲ ಮುರದೆ. ಅಂಗೈ ಮ್ಯಾಲ ಲಿಂಗ ಹಿಡಿದ್ರ ಈ ಗಾಯಾನೇ ಕಾಣ್ತಾವ್ರಿ ಸಾಹೇಬ್ರ. ಯಾವ ಮಾರಿ ತಗೊಂಡು ಕೂಡ್ಲಿ?” ಎಂದ.

ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಶ್ರಾವಣದ ಪ್ರವಚನದ ಕೊನೆಯಲ್ಲಿ ಎದ್ದು ನಿಂತು ದುಶ್ಚಟ ಬಿಡುತ್ತೇನೆಂದು ಹೇಳುವವರನ್ನು ನಾವೆಲ್ಲ ಕಂಡಿದ್ದೇವೆ, ಸಂತೋಷಪಟ್ಟಿದ್ದೇವೆ. ಆ ಆಣೆ ಮುರಿದವರು ಎಲ್ಲಿಗೆ ಹೋಗುತ್ತಾರೆಂದು ಕೇಳಿದವರು ಕಡಿಮೆ.

ವ್ಯಸನವೆಂದರೆ ಮನಸ್ಸಿನ ದೌರ್ಬಲ್ಯವಷ್ಟೇ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆಯುರ್ವೇದ ಹಾಗೆ ಹೇಳುವುದಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಇಡಿಯಾಗಿ ಮದಾತ್ಯಯಕ್ಕೆ, ಅಂದರೆ ಮದ್ಯದಿಂದ ಬರುವ ರೋಗಕ್ಕೆ ಮೀಸಲಾಗಿದೆ. ಜ್ವರಕ್ಕೆ, ಕ್ಷಯಕ್ಕೆ ಅಧ್ಯಾಯಗಳಿರುವಂತೆಯೇ ಇದಕ್ಕೂ ಒಂದು. ಧೀ, ಧೃತಿ, ಸ್ಮೃತಿ ಈ ಮೂರೂ ಕೆಡುವುದನ್ನು ಚರಕರು ಪ್ರಜ್ಞಾಪರಾಧವೆಂದರು. ಧೃತಿಯೆಂದರೆ ತನ್ನನ್ನು ತಾನು ತಡೆದು ನಿಲ್ಲಿಸುವ ಶಕ್ತಿ. ವ್ಯಸನದಲ್ಲಿ ಪೆಟ್ಟು ಬೀಳುವುದು ಈ ಶಕ್ತಿಗೇ. ಮುರಿದ ಕಾಲಿನವನಿಗೆ ಓಡೆಂದು ಹೇಳಿ, ಓಡದಿದ್ದಾಗ ಸೋಮಾರಿ ಎಂದರೆ ಹೇಗೋ ಹಾಗೆ, ಕೆಟ್ಟಿರುವ ಧೃತಿಯಿಂದಲೇ ದುಡಿಸಿಕೊಂಡು ನಾವು ಅವನನ್ನು ಹಳಿಯುತ್ತೇವೆ.

ಇಂದಿನ ವಿಜ್ಞಾನ ಇದೇ ಮಾತನ್ನು ಬೇರೆ ಹೆಸರುಗಳಲ್ಲಿ ಹೇಳುತ್ತದೆ. ಮದ್ಯ, ತಂಬಾಕು, ಗಾಂಜಾ ಇವು ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಅಸಹಜವಾಗಿ ಹೆಚ್ಚಿಸುತ್ತವೆ. ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ಸಹಜ ಸಂತೋಷವನ್ನು ತಗ್ಗಿಸಿಕೊಳ್ಳುತ್ತದೆ. ಹೀಗೆ ಕೆಲವು ವರ್ಷ ಕಳೆದವನಿಗೆ ಊಟ, ನಿದ್ರೆ, ಮಗುವಿನ ನಗು ಯಾವುದೂ ರುಚಿಸುವುದಿಲ್ಲ. ಸುಖಕ್ಕಾಗಿ ಕುಡಿಯಲು ಆರಂಭಿಸಿದವನು ಕೊನೆಗೆ ಕುಡಿಯದಿದ್ದರೆ ಆಗುವ ಯಾತನೆಯಿಂದ ಪಾರಾಗಲು ಕುಡಿಯುತ್ತಾನೆ.

ಈ ಯಾತನೆ ಬರಿಯ ಚಡಪಡಿಕೆಯಲ್ಲ, ಅಪಾಯ. ನಾನು ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ ದಿನವೂ ಕುಡಿಯುತ್ತಿದ್ದ ರೈತರೊಬ್ಬರಿಗೆ ಇಂದಿನಿಂದಲೇ ಒಂದು ಹನಿಯೂ ಮುಟ್ಟಬೇಡಿರೆಂದು ಹೇಳಿ, ಒಂದು ಕಷಾಯ ಕೊಟ್ಟು ಕಳುಹಿಸಿದ್ದೆ. ಅವರು ನನ್ನ ಮಾತನ್ನು ಪಾಲಿಸಿದರು. ಎರಡನೆಯ ರಾತ್ರಿ ಸೆಳೆತ ಬಂದು ಪ್ರಜ್ಞೆ ತಪ್ಪಿತು. ಜೀಪಿನಲ್ಲಿ ಕಲಬುರಗಿಗೆ ಒಯ್ದರು. ಉಳಿದರು, ಅದು ನನ್ನ ಪುಣ್ಯ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ವಾಂತಿ ಕಾಣಿಸಬಹುದು. ಎರಡು ದಿನದೊಳಗೆ ಸೆಳೆತ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಇಲ್ಲದ್ದನ್ನು ಕಾಣುವ, ಕೇಳುವ ಸನ್ನಿ ಹಿಡಿಯಬಹುದು. ಆ ಸನ್ನಿಯನ್ನು ದೆವ್ವದ ಕಾಟವೆಂದು ತಿಳಿದು ಕಾಲಹರಣ ಮಾಡಿದ ಮನೆಗಳನ್ನು ನಾನು ಬಲ್ಲೆ.

ತೆಲಂಗಾಣದ ಗಡಿಯಲ್ಲಿರುವ ನಮಗೆ ಇನ್ನೊಂದು ಕಾಟವಿದೆ. ಕಲಬೆರಕೆ ಸೇಂದಿಗೆ ಬೆರೆಸುವ ಸಿ.ಎಚ್. ಪುಡಿ, ಅಂದರೆ ಕ್ಲೋರಲ್ ಹೈಡ್ರೇಟ್, ಮತ್ತು ಬರಿಸುವ ರಾಸಾಯನಿಕ. ಅದು ಒಮ್ಮೆಲೇ ತಪ್ಪಿದರೂ ಇದೇ ಗತಿ. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ ಮೆಹಬೂಬನಗರ, ನಿಜಾಮಾಬಾದ್ ಭಾಗಗಳಲ್ಲಿ ಬಹಳ ಜನ ಸೆಳೆತ, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ಸೇಂದಿ ಮರದ ಹಾಲು, ಅದರಿಂದೇನೂ ಆಗದು ಎನ್ನುವವರು ಇದನ್ನು ನೆನಪಿಡಬೇಕು.

ಚರಕರು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಅಭ್ಯಾಸವಾದ ಅಹಿತವನ್ನು ಕಾಲುಕಾಲು ಭಾಗವಾಗಿ ಬಿಡಬೇಕು, ಬಿಟ್ಟ ಕಾಲುಭಾಗದ ಜಾಗದಲ್ಲಿ ಅಷ್ಟೇ ಹಿತವನ್ನು ತುಂಬಬೇಕು, ಹೆಜ್ಜೆಗಳ ನಡುವೆ ದಿನಗಳ ಅಂತರವಿರಬೇಕು ಎಂದು ಹೇಳುತ್ತಾರೆ. ಇದನ್ನು ಓದಿ ಮನೆಯಲ್ಲೇ ಲೋಟ ಅಳೆಯಲು ಹೋಗಬೇಡಿರಿ. ಕುಡಿತ ತೀವ್ರವಾಗಿದ್ದಾಗ ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು, ಮದ್ಯಕ್ಕೆ ಬದಲಾಗಿ ಔಷಧ ಕೊಟ್ಟು, ಅದನ್ನು ದಿನದಿನಕ್ಕೂ ಇಳಿಸುತ್ತಾರೆ; ಥಯಾಮಿನ್ ಎಂಬ ಜೀವಸತ್ವವನ್ನೂ ಕೊಡುತ್ತಾರೆ. ನಮ್ಮ ಶಾಸ್ತ್ರದ ಹೆಜ್ಜೆಕ್ರಮವೇ ಅದು, ಸುರಕ್ಷಿತ ರೂಪದಲ್ಲಿ. ಅದು ಮುಗಿದ ಮೇಲೆ ಕೆಟ್ಟ ಜಠರಾಗ್ನಿಯನ್ನು ಸರಿಪಡಿಸಲು, ನಿದ್ರೆ ತರಿಸಲು ನಮ್ಮ ಆಹಾರ ಕ್ರಮ, ಅಭ್ಯಂಗ, ಶಿರೋಧಾರೆಗಳು ನೆರವಾಗುತ್ತವೆ. ಮೊದಲ ವಾರದ ಕೆಲಸ ಆಸ್ಪತ್ರೆಯದು. ಇದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಇಲ್ಲಿ ಎರಡು ಎಚ್ಚರಿಕೆ. ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಯೆಂದು ಗೋಡೆಗಳ ಮೇಲೆ ಬರೆದಿರುವುದನ್ನು ನೋಡಿರುತ್ತೀರಿ. ಅದರಲ್ಲಿ ಏನಿದೆಯೋ ಕೊಟ್ಟವನಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್‌ನಂತಹ ಔಷಧವಿದ್ದು, ತಿಳಿಯದೆ ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಸಂಚಕಾರ. ಇನ್ನೊಂದು ನಮ್ಮವರದೇ ತಪ್ಪು. ಅಶ್ವಗಂಧಾರಿಷ್ಟ, ದಶಮೂಲಾರಿಷ್ಟಗಳಂತಹ ಆಸವ-ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟಿರುತ್ತದೆ. ಕುಡಿತ ಬಿಟ್ಟವರಿಗೆ ನರದ ಶಕ್ತಿಗೆಂದು ಇವನ್ನು ಕೊಡುವುದು ಮರಳಿ ಅದೇ ದಾರಿ ತೋರಿಸಿದಂತೆ. ಚೂರ್ಣ ಕೊಡಿರೆಂದು ವೈದ್ಯರನ್ನು ನೀವೇ ಕೇಳಿರಿ.

ಈಗ ಆ ಯುವಕನ ಗಾಯಗಳಿಗೆ ಬರೋಣ. ಸ್ವಹಾನಿ, ಎಂದರೆ ತನ್ನ ಶರೀರಕ್ಕೆ ತಾನೇ ನೋವು ಮಾಡಿಕೊಳ್ಳುವುದು, ಬಹಳ ಸಲ ಸಾಯುವ ಉದ್ದೇಶದ್ದಲ್ಲ. ಗಮನ ಸೆಳೆಯುವ ನಾಟಕವಂತೂ ಅಲ್ಲ. ನಾಟಕವಾಗಿದ್ದರೆ ಬೇಸಿಗೆಯಲ್ಲಿ ಯಾರೂ ತೋಳು ಮುಚ್ಚಿಕೊಂಡು ಕೂಡುತ್ತಿರಲಿಲ್ಲ. ಶರೀರಕ್ಕೆ ನೋವಾದಾಗ ಮಿದುಳು ಎಂಡಾರ್ಫಿನ್ ಎಂಬ ನೋವುಶಾಮಕವನ್ನು ಬಿಡುಗಡೆ ಮಾಡುತ್ತದೆ. ಒಳಗಿನ ತಾಳಲಾರದ ತಳಮಳ ಅದರಿಂದ ಕ್ಷಣಕಾಲ ತಗ್ಗಿದಂತಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ನಾಚಿಕೆ ಆವರಿಸುತ್ತದೆ, ನಾಚಿಕೆಯಿಂದ ತಳಮಳ ಹೆಚ್ಚುತ್ತದೆ. ಕ್ಷಣದ ಸಮಾಧಾನ, ಬಳಿಕ ದುಪ್ಪಟ್ಟು ಬಾಧೆ, ಮತ್ತೆ ಅದೇ ಮೊರೆ: ಕುಡಿತದ ಚಕ್ರ ತಿರುಗುವುದೂ ಹೀಗೆಯೇ. ಒಂದನ್ನು ಬಲವಂತದಿಂದ ಬಿಟ್ಟವನು ಇನ್ನೊಂದಕ್ಕೆ ಹೊರಳುವುದು ಆಶ್ಚರ್ಯವಲ್ಲ. ಸಾಯುವ ಉದ್ದೇಶವಿಲ್ಲದಿದ್ದರೂ ಇಂಥವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚು. ಆದ್ದರಿಂದ ಹಗುರವಾಗಿ ಕಾಣುವಂತಿಲ್ಲ.

ಚರಕರ ಅದೇ ಏಳನೆಯ ಅಧ್ಯಾಯಕ್ಕೆ ಮತ್ತೆ ಹೋಗುತ್ತೇನೆ. ತಡೆಯಬಾರದ ವೇಗಗಳು ಹದಿಮೂರು ಎಂದು ಅಲ್ಲಿ ಪಟ್ಟಿಯಿದೆ: ಮಲ, ಮೂತ್ರ, ಹಸಿವೆ, ನೀರಡಿಕೆ, ನಿದ್ರೆ ಇತ್ಯಾದಿ. ಆ ಹದಿಮೂರರಲ್ಲಿ ಕಣ್ಣೀರೂ ಒಂದು. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಪಟ್ಟಿಯ ಬೆಲೆ ನನಗೆ ತಿಳಿದದ್ದು ಇಂತಹ ರೋಗಿಗಳ ಎದುರು ಕುಳಿತಾಗ. ತಡೆಯಬೇಕಾದ ವೇಗಗಳೂ ಅಲ್ಲೇ ಇವೆ: ಲೋಭ, ಕ್ರೋಧ, ದುಸ್ಸಾಹಸ ಮೊದಲಾದವು. ಗಂಡುಮಕ್ಕಳಿಗೆ ನಾವು ಕಲಿಸಿದ್ದು ತಿರುಗುಮುರುಗಾಗಿದೆ. ಸಿಟ್ಟಿಗೆ ಅಡ್ಡಿಯಿಲ್ಲ, ಅಳುವಿಗೆ ತಡೆ. ಆ ಯುವಕನ ತಂದೆ ತೀರಿದಾಗ ಅವನಿಗೆ ಹದಿನಾಲ್ಕು ವರ್ಷ. ನೀನೇ ಅತ್ತರೆ ತಾಯಿಗೆ ಯಾರೆಂದು ಬಂಧುಗಳು ಸುಮ್ಮನಿರಿಸಿದರಂತೆ. ಅಂದಿನಿಂದ ಅತ್ತಿಲ್ಲವೆಂದ.

ಹಾಗಾದರೆ ಆಣೆ ಬೇಡವೇ? ಬೇಡವೆನ್ನಲಾರೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳನ್ನು ನೆನೆಯುತ್ತೇನೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲು; ಇನ್ನೊಂದು ಮುಧೋಳವಿರುವುದೂ ಆ ಜಿಲ್ಲೆಯಲ್ಲೇ. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟು ಜನರ ಬಳಿ ಬೇಡಿದ್ದು ಕಾಳನ್ನಲ್ಲ, ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಆ ಜೋಳಿಗೆಯಲ್ಲಿ ವೈದ್ಯನಾದ ನನಗೆ ಕಾಣುವುದು ಒಂದು ಸೂಕ್ಷ್ಮ. ಅಲ್ಲಿ ಬೇಡುವವರು ಜಗದ್ವಂದ್ಯರಾದ ಗುರುಗಳು, ನೀಡುವವನು ಕುಡುಕ. ಊರೆಲ್ಲ ತಲೆತಗ್ಗಿಸುವಂತೆ ಮಾಡಿದವನು ಅಂದು ದಾನಿಯಾಗಿ ತಲೆಯೆತ್ತಿ ನಿಲ್ಲುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನನ್ನು ಶರಣರು ತಮ್ಮಲ್ಲೊಬ್ಬನೆಂದೇ ಕಂಡರು. ನಮ್ಮ ಪರಂಪರೆ ಹಿಡಿದದ್ದು ಈ ದಾರಿ.

ಆಣೆಯನ್ನು ನಾವು ಬೆದರಿಕೆಯಾಗಿಸಿದಾಗ ಕೆಡುತ್ತದೆ. ಮುರಿದರೆ ಮಠಕ್ಕೆ ಮುಖ ತೋರಿಸಬೇಡ ಎಂದು ಮನೆಯವರು ಸೇರಿಸುವ ಮಾತೇ ಗಾಯಕ್ಕೆ ಕಾರಣವಾಗುತ್ತದೆ. ಬಿಟ್ಟವರಲ್ಲಿ ಬಹಳ ಮಂದಿ ಒಮ್ಮೆಯಾದರೂ ಮರಳಿ ಕುಡಿಯುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಮದುವೆಮನೆಯಲ್ಲಿ ಸಕ್ಕರೆ ಏರಿದರೆ ಔಷಧ ಸರಿಪಡಿಸುತ್ತೇವೆ, ಹೊರಗಟ್ಟುವುದಿಲ್ಲ.

ಮನೆಯವರು ಮಾಡಬೇಕಾದುದೇನು? ಗಾಯ ಕಂಡಾಗ ಕೂಗಾಡದೆ ಶುದ್ಧ ನೀರಿನಿಂದ ತೊಳೆದು ಪಟ್ಟಿ ಕಟ್ಟಿರಿ. ಆಳವಾಗಿದ್ದರೆ ಆಸ್ಪತ್ರೆಗೆ ಒಯ್ಯಿರಿ. ದಿನವೂ ತೋಳು ತೋರಿಸೆಂದು ಪೀಡಿಸಬೇಡಿರಿ. ಸಾಯಬೇಕೆನ್ನಿಸುತ್ತಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದವರಿಗೆ ಹೇಳಿಕೊಂಡು ಹಗುರಾದವರೇ ಹೆಚ್ಚು. ಹೌದೆಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ತೊಗರಿ ಬೆಳೆಯುವ ನಮ್ಮ ಮನೆಗಳಲ್ಲಿ ಹೂವು-ಕಾಯಿಯ ಕಾಲಕ್ಕೆ ಸಿಂಪಡಿಸುವ ಔಷಧ ಮೂಲೆಯಲ್ಲೇ ಇರುತ್ತದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಬೇರೊಬ್ಬರ ಬಳಿ ಇರಲಿ. ಇಂತಹ ವೇಗ ಅಲೆಯಂತೆ ಏರಿ ಇಳಿಯುತ್ತದೆ. ಬಹಳ ಸಲ ಅರ್ಧ ಗಂಟೆಯೊಳಗೆ ಅದರ ಬಿರುಸು ತಗ್ಗುತ್ತದೆ. ಆ ಹೊತ್ತು ದಾಟಿಸುವುದೇ ದೊಡ್ಡ ಕೆಲಸ: ಮುಖಕ್ಕೆ ತಣ್ಣೀರು, ಹೊಲದವರೆಗೆ ನಡಿಗೆ, ಯಾರಿಗಾದರೂ ಒಂದು ಫೋನ್.

ಆ ಯುವಕ ಕಲಬುರಗಿಯಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಮನೋವೈದ್ಯರ ಗುಳಿಗೆ, ವಾರಕ್ಕೊಮ್ಮೆ ಆಪ್ತ ಸಮಾಲೋಚನೆ ನಡೆದಿವೆ. ನನ್ನ ಪಾಲು ಪಥ್ಯ ಮತ್ತು ಮಾತು. ಬಟವಾಡೆಯ ದಿನ ಕುಡಿತಕ್ಕೆ ಎಳೆಯುವುದೆಂದು ಕಂಡುಕೊಂಡು, ಆ ಸಂಜೆ ಅವನ ಸೋದರಮಾವ ಗಣಿಯ ಬಳಿಗೇ ಹೋಗಿ ಜೊತೆಯಲ್ಲಿ ಮನೆಗೆ ಬರುತ್ತಾರೆ. ದೀಪಾವಳಿಯಲ್ಲಿ ಒಮ್ಮೆ ಕುಡಿದ. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತಿದ್ದ, ಹೊಸ ಗಾಯವಿರಲಿಲ್ಲ. ಅವನನ್ನು ಕೇಳಿಯೇ ಪೂಜ್ಯರಿಗೆ ವಿಷಯ ತಿಳಿಸಿದೆ. ಪೂಜ್ಯರು ಆಣೆಯ ಮಾತನ್ನೇ ಎತ್ತಲಿಲ್ಲ. ದಾಸೋಹದಲ್ಲಿ ಬಡಿಸುವ ಕೈ ಸಾಲದು, ಸೋಮವಾರ ಬರಹೇಳಿರಿ ಎಂದರು. ಹೋಗುತ್ತಿದ್ದಾನೆ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಾವಲಂಬಿಗಳಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿರುವುದೂ ಇದಕ್ಕೊಂದು ಕಾರಣ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ 14446 ಇದೆ. ತುರ್ತಿಗೆ 108. ಪೊಲೀಸ್ ಕೇಸ್ ಆಗುತ್ತದೆಂಬ ಅಂಜಿಕೆಯಿಂದ ಮುಚ್ಚಿಡಬೇಡಿರಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದು ಭಾವಿಸಿ ಆರೈಕೆ ನೀಡಬೇಕೆನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯಾ ಯತ್ನವನ್ನು ಶಿಕ್ಷಿಸುತ್ತಿದ್ದ ಹಳೆಯ 309ನೆಯ ಕಲಮು ಉಳಿದಿಲ್ಲ. ಯಾರಲ್ಲಿಗೂ ಹೋಗಲು ಮನಸ್ಸು ಬಾರದವರು ಮೊದಲು ನನ್ನ ಬಳಿ ನಾಡಿ ತೋರಿಸುವ ನೆಪದಲ್ಲಿ ಬಂದರೂ ಸರಿಯೇ.